ಹಳೇ ಅಂಗಿ ನಡೀತೈತಿ, ಹಳೇ ಚಸ್ಮಾ ನಡ್ಯಾಂಗಿಲ್ಲ

"ಈ ಸಲ ಟೀಮ್ ಔಟಿಂಗ್‌ಗೆ ಏರ್‌ಸಾಫ್ಟ್" ಅಂತ ಆಫೀಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೆಸೇಜ್ ಬಿತ್ತು. ಪೇಂಟ್‌ಬಾಲ್ ಎರಡು ಸಲ ಆಡಿದ್ದೆವು, ಇದು ಅದರ ದಾಯಾದಿ. ಬಣ್ಣದ ಗೋಲಿಯ ಬದಲು 6 ಮಿಲಿಮೀಟರಿನ ಪ್ಲಾಸ್ಟಿಕ್ ಮಣಿ ಹಾರಿಸುವ ಆಟದ ಬಂದೂಕು. ಸಂಜೆಯೊಳಗೆ ಎಲ್ಲರ ಶಾಪಿಂಗ್ ಕಾರ್ಟಿನ ಸ್ಕ್ರೀನ್‌ಶಾಟ್‌ಗಳು ಬಂದವು. ಟ್ಯಾಕ್ಟಿಕಲ್ ಪ್ಯಾಂಟು, ಮೊಣಕಾಲಿನ ಪ್ಯಾಡು, ಹತ್ತು ಜೇಬಿನ ವೆಸ್ಟು. ಒಬ್ಬನದು 12,000 ದಾಟಿತ್ತು. ಎರಡು ತಾಸಿನ ಆಟಕ್ಕೆ!

ನಾನು ಮುಧೋಳ ತಾಲೂಕಿನವನು. ಘಟಪ್ರಭೆ ದಂಡೆಯ ಕಬ್ಬಿನ ಊರು. ಊರಿಗೆ ಫೋನ್ ಹಚ್ಚಿದೆ.

"ಅವ್ವಾ, ರವದಿ ಸುಲಿಯಾಕ ಹಾಕ್ಕೊಂತಿದ್ನಲ್ಲ, ಆ ಅಂಗಿ ಅದಾವೇನ?"

"ಅದಾವ. ಯಾಕಪಾ, ನೌಕರಿ ಹೋತೇನ?"

ಕಬ್ಬಿನೊಳಗೆ ಹೊಕ್ಕವರಿಗೆ ಗೊತ್ತು. ಎಲೆಯ ಅಂಚು ಗರಗಸ ಇದ್ದಂಗ. ಕೊಯ್ದದ್ದು ಆಗ ಗೊತ್ತಾಗಲ್ಲ, ಬೆವರು ಹತ್ತಿದಾಗ ಉರೀತದೆ. ಅದಕ್ಕೇ ಎಂಥ ಬಿಸಿಲಿದ್ದರೂ ತುಂಬುತೋಳಿನ ದಪ್ಪ ಅಂಗಿ, ಕೊರಳಿನ ತನಕ ಗುಂಡಿ, ತಲೆ-ಕಿವಿ ಮುಚ್ಚಿ ಸುತ್ತಿದ ಟವೆಲ್ಲು. ಏರ್‌ಸಾಫ್ಟಿಗೂ ಬೇಕಾದದ್ದು ಇಷ್ಟೇ: ಬರಿಮೈ ಕಾಣಬಾರದು. 0.20 ಗ್ರಾಮಿನ ಮಣಿ ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಬಂದರೆ ಒಂದು ಜೂಲ್ ಶಕ್ತಿ. ಬರಿಮೈಗೆ ಬಿದ್ದರೆ ಕೆಂಪಗೆ ಬಾಸುಂಡೆ, ದಪ್ಪ ಬಟ್ಟೆಯ ಮೇಲೆ ಬಿದ್ದರೆ ಚಿವುಟಿದಂಗ. ಅಷ್ಟಕ್ಕೆ ಬ್ರ್ಯಾಂಡು ಬೇಕಿಲ್ಲ. ಬನಹಟ್ಟಿಯಲ್ಲಿ ಮಗ್ಗ ನಡೆಸುವ ನಮ್ಮ ಚಿಗವ್ವ ಫೋನಿನಲ್ಲೇ ಹೇಳಿದಳು: "ಅರಿವಿ ದಪ್ಪ ಇದ್ರಷ್ಟ ಸಾಲೂದಿಲ್ಲೋ, ನೇಯ್ಗಿ ಬಿಗಿ ಇರಬೇಕು. ಬೆಳಕಿಗೆ ಹಿಡದು ನೋಡು."

ಬಸ್ಸಿನಲ್ಲಿ ಪಾರ್ಸಲ್ ಬಂತು. ಅಂಗಿ, ಟವೆಲ್ಲಿಗೆ ಖರ್ಚು ಸೊನ್ನೆ. ಹಳೇ ಜೀನ್ಸ್ ಇತ್ತು. ಕಣಕಾಲು ಮುಚ್ಚುವ ಕ್ಯಾನ್ವಾಸ್ ಹಂಟರ್ ಶೂಗೆ 350 ರೂಪಾಯಿ, ಅಂಗೈಗೆ ರಬ್ಬರ್ ಹಚ್ಚಿದ ಹತ್ತಿ ಗ್ಲೋವ್ಸಿಗೆ 60. ಬೆರಳಿಲ್ಲದ ಗ್ಲೋವ್ಸ್ ಕೊಂಡವನಿಗೆ ಆಮೇಲೆ ಗೊತ್ತಾಯಿತು, ಮಣಿ ಹುಡುಕಿಕೊಂಡು ಬರೋದೇ ಬೆರಳಿನ ಗಂಟಿಗೆ ಅಂತ.

ಇನ್ನೊಬ್ಬನ ಕಾರ್ಟಿನಲ್ಲಿ ಸೈನ್ಯದ ಹೊಸ ವಿನ್ಯಾಸದ ಬಟ್ಟೆ ಇತ್ತು. ತೆಗೆಸಿದೆವು. ನಮ್ಮ ಭೂಸೇನೆ 2022ರಲ್ಲಿ ಆ ವಿನ್ಯಾಸವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ, ಹೊರಗೆ ಮಾರುವಂತಿಲ್ಲ. ಸೈನಿಕ ಅಂತ ನಂಬಿಸುವ ಉದ್ದೇಶದಿಂದ ಅಂಥ ಬಟ್ಟೆ ತೊಟ್ಟರೆ ಅಪರಾಧ. ಮಣ್ಣಿನ ಬಣ್ಣದ ಹಳೇ ಅಂಗಿ ಗಿಡದ ಮರೆಗೆ ಇನ್ನೂ ಚೆನ್ನಾಗಿ ಅಡಗುತ್ತದೆ.

ಹೀಗೆ 410 ರೂಪಾಯಿಗೆ ತಯಾರಾದ ಹೆಮ್ಮೆಯಲ್ಲಿ ಹಾರ್ಡ್‌ವೇರ್ ಅಂಗಡಿಯಿಂದ 90 ರೂಪಾಯಿಯ ಗಾಗಲ್ ಒಂದನ್ನೂ ತಂದೆ. ಟೆಸ್ಟ್ ಮಾಡದ ಕೋಡನ್ನು ಪ್ರೊಡಕ್ಷನ್‌ಗೆ ಬಿಡದ ಮನುಷ್ಯ ನಾನು. ಕಣ್ಣಿನ ವಿಷಯದಲ್ಲಿ ಬಿಟ್ಟೆ.

ಮೈದಾನದ ಹುಡುಗ ಗಾಗಲ್ ತಿರುಗಿಸಿ ನೋಡಿದ. ಏನೂ ಹೇಳದೆ ಒಂದು ಕಂಬಕ್ಕೆ ಕಟ್ಟಿದ. ಐದು ಹೆಜ್ಜೆ ದೂರದಿಂದ ಒಂದು ಮಣಿ ಹೊಡೆದ. ಲೆನ್ಸಿನ ನಡುವೆ ನಕ್ಷತ್ರದ ಹಾಗೆ ಬಿರುಕು.

"ಸರ್, ಇದು ನಿಮ್ ಮುಖದ್ ಮೇಲಿದ್ದಿದ್ರೆ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕಾಕಾ ನೆನಪಾದ.

ನಾನು ಬಿಇ ಮೂರನೇ ವರ್ಷದಲ್ಲಿದ್ದಾಗ ರವದಿ ಸುಲಿಯುವಾಗ ಕಬ್ಬಿನ ಎಲೆಯ ತುದಿ ಕಾಕಾನ ಎಡಗಣ್ಣಿಗೆ ಚುಚ್ಚಿತು. ಟವೆಲ್ಲಿನಲ್ಲಿ ಒರೆಸಿಕೊಂಡು ಕೆಲಸ ಮುಂದುವರೆಸಿದ. ರಾತ್ರಿ ಕಣ್ಣು ಕೆಂಪಾಯಿತು. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಡ್ರಾಪ್ಸ್ ಕೊಟ್ಟರು. ಎರಡು ದಿನ ಉರಿ ಕಡಿಮೆಯಾಯಿತು. ಎಂಟನೇ ದಿನ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಜಮಖಂಡಿಗೆ ಕರೆದೊಯ್ದಾಗ ಡಾಕ್ಟರು ಹೇಳಿದ್ದು: ಎಲೆಯ ಗಾಯದಿಂದ ಶಿಲೀಂಧ್ರ ಸೇರಿ ಹುಣ್ಣಾಗಿದೆ, ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದ್ದರಿಂದ ಮೇಲೆ ತಂಪಾಗಿ ಒಳಗೆ ಬೆಳೆದಿದೆ. ಆ ಕಣ್ಣಿನಲ್ಲಿ ಕಾಕಾಗೆ ಈಗ ಬೆಳಕು-ಕತ್ತಲೆ ಅಷ್ಟೇ ತಿಳಿಯುತ್ತದೆ. ಮೈಯೆಲ್ಲ ಮುಚ್ಚಿಕೊಂಡಿದ್ದ ಮನುಷ್ಯ. ಕಣ್ಣೊಂದು ಬಿಟ್ಟು.

ಅವತ್ತು ಬಾಡಿಗೆ ಗಾಗಲ್ ಹಾಕಿಕೊಂಡು ಆಡಿದೆ. ಮರುದಿನ ಓದಲು ಕೂತೆ. ನೀವೂ ಆಡೋಕೆ ಹೊರಟಿದ್ದರೆ ಇಷ್ಟು ನೋಡಿಕೊಳ್ಳಿ. ದಿನಾ ಹಾಕುವ ಚಸ್ಮಾ ಲೆಕ್ಕಕ್ಕಿಲ್ಲ. ಅದರ ಮೇಲೆ ಕೂರುವಂಥ ಗಾಗಲ್ ಸಿಗುತ್ತವೆ. ಸುತ್ತಲೂ ಮುಖಕ್ಕೆ ಅಂಟಿ ಕೂರಬೇಕು, ಪಕ್ಕದ ಸಂದಿಯಿಂದಲೂ ಮಣಿ ಬರುತ್ತದೆ. ಲೆನ್ಸಿನ ಮೇಲೆ ಗುರುತು ಹುಡುಕಿ. ಯುರೋಪಿನ ಇಎನ್ 166 ಗುಣಮಟ್ಟದಲ್ಲಿ 'ಬಿ' ಅಕ್ಷರ ಅಂದರೆ 6 ಮಿಲಿಮೀಟರಿನ ಉಕ್ಕಿನ ಗುಂಡು ಸೆಕೆಂಡಿಗೆ 120 ಮೀಟರ್ ವೇಗದಲ್ಲಿ ಬಡಿದರೂ ತಡೆದದ್ದು. 'ಎಫ್' ಆದರೆ ಬರೀ 45 ಮೀಟರ್, ಈ ಆಟಕ್ಕೆ ಸಾಲದು. ಅಮೆರಿಕದ ಗುರುತಾದರೆ 'ಜೆಡ್87+', ಆ ಪ್ಲಸ್ ಇರಲೇಬೇಕು. ತಂತಿ ಜಾಲಿಯ ಗಾಗಲ್ ಅಗ್ಗ, ಮಂಜು ಕಟ್ಟಲ್ಲ, ಆದರೆ ಮಣಿ ಒಡೆದು ಚೂರು ಒಳಗೆ ಬರಬಹುದು. ಅದೇ ಜಾಲಿಯ ಮಾಸ್ಕು ಬಾಯಿಗೆ ಮಾತ್ರ ಚೆನ್ನ. ಟವೆಲ್ಲು ಹಲ್ಲು ಉಳಿಸಲ್ಲ.

1,450 ಕೊಟ್ಟು ಒಳ್ಳೇ ಗಾಗಲ್ ಕೊಂಡೆ. ದುಡ್ಡು ಕಟ್ಟುವಾಗ ಕೈ ತಡೆಯಿತು. ಎರಡು ತಾಸಿನ ಆಟಕ್ಕೆ ಇಷ್ಟು ಯೋಚಿಸಿದವನು, ದಿನಕ್ಕೆ ಹತ್ತು ತಾಸು ಕಬ್ಬಿನಲ್ಲಿರುವ, ಒಂದೇ ಕಣ್ಣುಳಿದ ಕಾಕಾಗೆ ಇಷ್ಟು ವರ್ಷದಲ್ಲಿ ಒಂದು ಗಾಗಲ್ ಒಯ್ದು ಕೊಟ್ಟಿರಲಿಲ್ಲ. ದೀಪಾವಳಿಗೆ ಅಂಗಿ ಒಯ್ತಿದ್ದೆ, ಪ್ರತಿ ವರ್ಷ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಂಥದ್ದೇ ಇನ್ನೊಂದು ಒಯ್ದೆ. ಕಾಕಾ ಹಾಕಿಕೊಂಡು ಹೊಲಕ್ಕೆ ಹೋದ. ಅರ್ಧ ತಾಸಿಗೆ ತೆಗೆದು ಜೇಬಿಗಿಟ್ಟ. "ಒಳಗ ನೀರ ಆಗಿ ಏನೂ ಕಾಣವಲ್ದೋ ತಮ್ಮಾ. ಇದ್ದ ಒಂದ ಕಣ್ಣೂ ಮುಚ್ಚಿದಂಗ ಆತು." ಆ ಉಸಿರುಗಟ್ಟುವ ಸೆಕೆಯಲ್ಲಿ ಇನ್ನೇನಾದೀತು. ನಾನು ಬೆಂಗಳೂರಿನ ಬೆಳಗಿನ ಹವೆಯಲ್ಲಿ ಪರೀಕ್ಷೆ ಮಾಡಿದ್ದೆ.

ಆಗ ಹೊಳೆದದ್ದು ಬೇಡವೆಂದು ಬಿಟ್ಟ ಜಾಲಿ ಗಾಗಲ್. ಹೊಲದಲ್ಲಿ ಮಣಿ ಒಡೆಯುವ ಮಾತೇ ಇಲ್ಲ, ತಡೆಯಬೇಕಾದ್ದು ಎಲೆಯ ತುದಿ. 350 ರೂಪಾಯಿ. ತರಿಸಿ ಕಳಿಸಿದೆ. ಧೂಳು ಬರುತ್ತದೆ ಅಂತ ಬೈದ, ಆದರೆ ತೆಗೆಯಲಿಲ್ಲ.

ಮೊನ್ನೆ ಫೋನ್ ಮಾಡಿದ್ದ. ಬೀಳಗಿ ಕಡೆಯಿಂದ ಕಬ್ಬು ಕಡಿಯಲು ಗ್ಯಾಂಗ್ ಬಂದಿದೆಯಂತೆ. ಮೊದಲ ದಿನ ಕಾಕಾನ ನೋಡಿ ನಕ್ಕರಂತೆ.

"ಈಗ ಎಷ್ಟಕ್ಕ ಬರ್ತಾವ ಅಂತ ಕೇಳಾಕತ್ಯಾರ."

"ಎಷ್ಟು ಮಂದಿ ಅದಾರ ಕಾಕಾ?"

"ಹದಿನಾಲ್ಕು."

ಟೀಮಿನ ಗ್ರೂಪಿನಲ್ಲಿ ಲೆಕ್ಕ ಹಾಕಿದೆ: 4,900. ಆ 12,000ದ ಕಾರ್ಟಿನವನೇ ಮೊದಲು ದುಡ್ಡು ಕಳಿಸಿದ. ಪಾರ್ಸಲ್ ಇವತ್ತು ರಾತ್ರಿ ಮುಧೋಳದ ಬಸ್ಸಿಗೆ.