ಲೈಬ್ರರಿ ಮಾಸ್ತರನ ವಹಿ



ಈ ವಾರ ತೊಗರಿ ಕುಡಿ ಚಿವುಟೂದರ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರ. 45-50 ದಿನದ ಬೆಳಿ ಇದ್ದವರು ನನ್ನ ಬರಹದ ದಾರಿ ಕಾಯಬ್ಯಾಡ್ರಿ, ಹೊಲದಾಗ ಹಸಿ ಐತಿ, ಚಿವುಟಿ ಬಿಡ್ರಿ. ಮೊನ್ನೆ ಆಗಸ್ಟ್ 15 ಬಂದು ಹೋತು. ಆ ದಿನ ನಮ್ಮೂರಾಗ ಧ್ವಜ ಏರಿಸಿದ ಮ್ಯಾಲೆ ಇನ್ನೊಂದು ಕೆಲಸ ಇರತಿತ್ತು. ಅದನ್ನ ಮಾಡಾಂವ ಈ ಸಲ ಇರಲಿಲ್ಲ. ಅವನ ಬಗ್ಗೆ ಬರದ ಹೊರತು ತೊಗರಿ ಬಗ್ಗೆ ಬರಿಯಾಕ ಕೈ ಓಡವಲ್ದು.

ಅಂವ ನಮ್ಮ ಪಂಚಾಯತಿ ಗ್ರಂಥಾಲಯ ನೋಡಕೊಳ್ಳಾಂವ. ಈಗ ಅದಕ್ಕ ಅರಿವು ಕೇಂದ್ರ ಅಂತ ಬೋರ್ಡ್ ಹಾಕ್ಯಾರ, ಆದ್ರ ಊರ ಮಂದಿಗೆ ಅದು ಲೈಬ್ರರಿ, ಅಂವ ಲೈಬ್ರರಿ ಮಾಸ್ತರ. ಹೆಸರು ಹಾಕಬ್ಯಾಡ್ರಿ ಅಂತ ಅವರ ಮನ್ಯಾಗ ಹೇಳ್ಯಾರ, ಹಾಕೂದಿಲ್ಲ. ನಮ್ಮ ಸುತ್ತಲಿನವರಿಗೆ ಯಾರು ಅಂತ ಗೊತ್ತಾಗೇ ಆಗತದ. ನಾನೂ ಅಂವ ಒಂದೇ ವಾರಿಗಿ, ಒಂದೇ ಸಾಲಿ. ಮನ್ಯಾಗ ಉರ್ದು ಮಾತು, ಸಾಲ್ಯಾಗ ಕಲತದ್ದು ಕನ್ನಡ, ಸೊಲ್ಲಾಪುರದ ಲಿಂಬಿ ಅಡತಿಯಾಗ ಹುಡುಗ ಇದ್ದಾಗ ಲೆಕ್ಕ ಬರದು ಮರಾಠಿ ಬಂದಿತ್ತು. ತಾಂಡಾದ ಮಾತು ಮಾತ್ರ ಹೆಂಗ ಕಲತನೋ, ಅಲ್ಲಿ ಮುದುಕಿಯರಿಗೆ "ಯಾಡಿ" ಅಂತ ಕರೀತಿದ್ದ, ಅವರು ಮಗನ ಗತೆನ ಬೈತಿದ್ರು.

ಗೌರವಧನ ಅಂತ ಕೊಡೋ ರೊಕ್ಕದಾಗ ಸಂಸಾರ ನಡೀತಿರಲಿಲ್ಲ. ಹೆಂಡ್ತಿ ಹೊಲಿಗಿ ಮಷೀನ್ ತುಳೀತಿದ್ರು, ಅದರಿಂದ ಮನಿ ನಡೀತು. ಆದರೂ ಲೈಬ್ರರಿ ಬಾಗಲಾ ಮಾತ್ರ ಹೊತ್ತಿಗೆ ಸರಿಯಾಗಿ ತೆರೀತಿತ್ತು. ಪೇಪರ್ ಓದಾಕ ಬರೋರು ನಾಕು ಮಂದಿ, ಉಳದವರೆಲ್ಲ ಉತಾರ, ಬೆಳಿ ವಿಮಾ, ಫ್ರೂಟ್ಸ್ ಐಡಿ ಅಂತ ಬರೋರು. ಆಣಿಕಲ್ಲು ಮಳಿ ಬಿದ್ರ 72 ತಾಸಿನ್ಯಾಗ ವಿಮಾ ಕಂಪನಿಗೆ ತಿಳಿಸಬೇಕು ಅನ್ನೋದು ನಮ್ಮೂರಾಗ ಕೂಸಿಗೂ ಗೊತ್ತೈತಿ. ಯಾಕಂದ್ರ ಅದನ್ನ ಗ್ವಾಡಿ ಮ್ಯಾಲೆ ಬಣ್ಣದಾಗ ಬರಿಸಿಟ್ಟಿದ್ದ.

ಅವನ ದೊಡ್ಡ ಕೆಲಸ ಬ್ಯಾರೆನ ಐತಿ.

ಕಬ್ಬು ಕಡಿಯಾಕ ನಮ್ಮ ತಾಂಡಾದವರು ದೀಪಾವಳಿ ಆಜೂಬಾಜೂ ಮಹಾರಾಷ್ಟ್ರಕ್ಕ ಗುಳೆ ಹೋಗೂದು ನಿಮಗೂ ಗೊತ್ತು. ಮುದ್ದೇಬಿಹಾಳ, ಬಾಗೇವಾಡಿ ಕಡಿ ತಾಂಡಾಗಳೂ ಹಂಗ ಖಾಲಿ ಆಗತಾವ. ಗಂಡ ಹೆಂಡ್ತಿ ಕೂಡಿ ಒಂದು ಕೊಯ್ತಾ, ಅದರ ಮ್ಯಾಲೆ ಮುಂಗಡ, ಮುಂಗಡ ತೀರೂತನಕ ದುಡಿತ. ಒಂದು ವರ್ಷ ಒಂದು ಮನಿಯವರು ಹೋಳಿ ಕಳದರೂ ಬರಲಿಲ್ಲ. ಮುಂಗಡ ಇನ್ನೂ ತೀರಿಲ್ಲ ಅಂತ ಮುಕಾದಮ ಕೂಡಿಸಿಕೊಂಡಿದ್ದ. ಮುದುಕಿ ಬಂದು ಲೈಬ್ರರಿ ಕಟ್ಟಿ ಮ್ಯಾಲೆ ಕುಂತು ಅತ್ತಳು. ಮರುದಿನ ಮುಂಜಾನೆ ನನ್ನ ಗಾಡಿ ಮ್ಯಾಲೆ ನಾವಿಬ್ಬರೂ ಭೀಮಾ ದಾಟಿ ಪಂಢರಪುರದ ಕಡಿ ಹೊಂಟೆವು.

ನಾ ಜಗಳಕ್ಕ ತಯಾರಾಗೇ ಹೋಗಿದ್ದೆ. ಇಂವ ಅಲ್ಲಿ ಹೋಗಿ ನಮಸ್ಕಾರ ಮಾಡಿ, ನೀರು ಕುಡದು, ಲೆಕ್ಕದ ವಹಿ ನೋಡಬಹುದೇನ್ರಿ ಅಂತ ಮರಾಠಿಯಾಗ ಕೇಳಿದ. ಕಾರಕೂನ ವಹಿ ಕೊಟ್ಟ. ಇಂವ ಒಂದೊಂದ ಸಾಲು ಜೋರಾಗಿ ಓದಕೋತ ಹೋದ: ಯಾವ ದಿನ ಎಷ್ಟು ಟನ್, ಎಷ್ಟು ರೊಕ್ಕ ಜಮಾ, ಕಿರಾಣಿಗೆ ಎಷ್ಟು ಖರ್ಚು. ಎರಡು ಕಡಿ ಟನ್ನಿನ ಲೆಕ್ಕ ಕೂಡಸೂದ ಬಿಟ್ಟುಹೋಗಿತ್ತು. ಕಳ್ಳತನ ಅಂತ ಒಂದು ಮಾತೂ ಅನ್ನಲಿಲ್ಲ. "ಇಲ್ಲಿ ಕೂಡಸೂದು ಉಳದದ ನೋಡ್ರಿ ಭಾವು" ಅಂದ. ಕಾರಕೂನ ಮತ್ತೊಮ್ಮೆ ಕೂಡಿಸಿದ, ಮುಂಗಡ ತೀರಿ ಮ್ಯಾಲೆ ರೊಕ್ಕ ಉಳೀತು. ಸಂಜಿಗೆ ಆ ಮನಿಯವರು ಟೆಂಪೋ ಹತ್ತಿದರು. ಬರೋವಾಗ ಆ ಕಾರಕೂನನೇ ನಮಗ ಚಹಾ ಕುಡಿಸಿದ, ಫೋನ್ ನಂಬರ್ ಇಸಗೊಂಡ. ತನ್ನ ಹಂತ್ಯಾಕ ಬರೋ ಕನ್ನಡ ಚೀಟಿ ಓದಿ ಹೇಳಾಕ ಒಬ್ಬರು ಬೇಕಾಗಿತ್ತಂತ. ಅವತ್ತಿನಿಂದ ವರ್ಷಾ ಇಬ್ಬರೂ ಫೋನಿನ್ಯಾಗ ಚೀಟಿ ಓದಿದ್ದ ಓದಿದ್ದು.

ಈ ಗೆಳೆತನದ ಬೆಲಿ ಗೊತ್ತಾಗಿದ್ದು ಅಕ್ಟೋಬರ್ 2020ರಾಗ. ಕೃಷ್ಣಾ ಕಡಿ ಇರೋ ಬಾಗೇವಾಡಿ, ಮುದ್ದೇಬಿಹಾಳದವರಿಗೆ ಆಲಮಟ್ಟಿ ಲೆಕ್ಕ ಕನ್ನಡದಾಗ ದಿನಾ ಸಿಗತದ. ನಮ್ಮ ಇಂಡಿ, ಸಿಂದಗಿ ಭೀಮಾ ದಂಡಿಯವರ ಹಣೆಬರಹ ಹಂಗಲ್ಲ. ನೀರಿನ ಕೀಲಿ ಉಜನಿ ಡ್ಯಾಮಿನ್ಯಾಗ, ಸುದ್ದಿ ಮರಾಠಿಯಾಗ. ಅವತ್ತು ರಾತ್ರಿ ಆ ಕಾರಕೂನನ ಫೋನ್ ಬಂತು: ಉಜನಿಯಿಂದ ನೀರು ಬಹಳ ಬಿಟ್ಟಾರ, ಪಂಢರಪುರದಾಗ ಘಾಟ್ ಮುಳಗ್ಯಾವ, ನಿಮ್ಮ ಮಂದಿಗೆ ಹೇಳ್ರಿ. ಮಾಸ್ತರ ಮಸೂತಿ ಮೈಕಿನ್ಯಾಗೂ ಹನಮಪ್ಪನ ಗುಡಿ ಮೈಕಿನ್ಯಾಗೂ ತಾನೇ ಹೋಗಿ ಕೂಗಿದ. ನಸುಕಿನ್ಯಾಗ ಟಾರ್ಚ್ ಹಿಡಕೊಂಡು ನಾವು ಹೊಳಿಯಾಗಿನ ಮೋಟಾರು, ಪೈಪು ಎಳದು ಮ್ಯಾಲೆ ತಂದ್ವಿ. ಬೆಳಿ ಹೋತು, ಅದನ್ನ ಯಾರೂ ತಡಿಯಾಕಾಗಲಿಲ್ಲ. ಮೋಟಾರು ಉಳದವು, ದನಾ ಉಳದವು. ಅಂದಿನಿಂದ ಲೈಬ್ರರಿ ಮುಂದ ಕರಿ ಹಲಗಿ ಮ್ಯಾಲೆ, ಮಳಗಾಲ ಬಂತಂದ್ರ, ಉಜನಿಯಿಂದ ಎಷ್ಟು ಕ್ಯೂಸೆಕ್ಸ್ ಬಿಟ್ಟಾರ ಅಂತ ದಿನಾ ಬರೀತಿದ್ದ.

ಇದೆಲ್ಲ ನಿನಗ ಯಾಕ ಬೇಕೋ ಅಂತ ಕೇಳಿದ್ರ ಹಲಸಂಗಿ ಕಡಿ ಕೈ ತೋರಸ್ತಿದ್ದ. ಹಲಸಂಗಿ ಅಂದ್ರ ಹೊಸ ಹುಡುಗರಿಗೆ ಗೊತ್ತಿಲ್ಲ, ಅದಕ್ಕ ಹೇಳತೀನಿ. ಮೊದಲ ನಮ್ಮ ಇಂಡಿ ತಾಲೂಕಿನ್ಯಾಗ ಇತ್ತು, ಈಗ ಚಡಚಣ ತಾಲೂಕು. ನೂರು ವರ್ಷದ ಹಿಂದ ಅಲ್ಲಿ ಕೆಲವು ಗೆಳೆಯರು ಕೂಡಿದರು. ಚೆನ್ನಮಲ್ಲಪ್ಪ ಗಲಗಲಿ, ಅಂದ್ರ ಮಧುರಚೆನ್ನರು, ಚಡಚಣದ ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು. ಜಾತಿ ಬ್ಯಾರೆ, ಧರ್ಮ ಬ್ಯಾರೆ, ಊಟಾ ಓದು ಒಂದೇ ಕಡಿ. ಹೆಣ್ಣುಮಕ್ಕಳು ಬೀಸೂವಾಗ ಕುಟ್ಟೂವಾಗ ಹಾಡೋ ತ್ರಿಪದಿ ಕೂಡಿಸಿ 1931ರಲ್ಲಿ "ಗರತಿಯ ಹಾಡು" ಪುಸ್ತಕ ತಂದ್ರು. ಆಮ್ಯಾಲೆ "ಜೀವನ ಸಂಗೀತ", "ಮಲ್ಲಿಗೆ ದಂಡೆ" ಬಂದವು. ಬೇಂದ್ರೆಯವರು ಇವರ ಜೀವದ ಗೆಳೆಯರು. ಅವರ ಮನಿ ಮಾತು ಮರಾಠಿ, ಬರದದ್ದು ಕನ್ನಡ. ಮುಂದ ಸೊಲ್ಲಾಪುರದ ಕಾಲೇಜಿನ್ಯಾಗ ವರ್ಷಾನುಗಟ್ಟಲೆ ಕನ್ನಡ ಕಲಿಸಿದರು. ಲಾವಣಿಯ ಖಾಜಾಭಾಯಿಯವರೂ ಅದೇ ಹಲಸಂಗಿಯವರು. ಎಲ್ಲಾರೂ ಗೆಳೆಯರ ಹೆಸರು ಹೇಳೂವಾಗ ಧೂಲಾಸಾಹೇಬರನ್ನ ಕಡೀಕ ಹೇಳ್ತಾರ, ನಾ ಮೊದಲ ಹೇಳತೀನಿ ಅಂತ ಇಂವ ನಗತಿದ್ದ.

ಮಧುರಚೆನ್ನರು ತೀರಿಕೊಂಡದ್ದು 1953ರ ಆಗಸ್ಟ್ 15ರಂದು, ಬರೇ 50ನೇ ವಯಸ್ಸಿಗೆ. ಅದಕ್ಕ ಆ ದಿನ ಧ್ವಜ ಆದ ಮ್ಯಾಲೆ, ಸಾಲಿ ಹುಡುಗರಿಗೆ ಪೇಢೆ ಹಂಚಿ, ಮಾಸ್ತರ "ಗರತಿಯ ಹಾಡು" ಹಿಡಕೊಂಡು ಲೈಬ್ರರಿ ಕಟ್ಟಿ ಮ್ಯಾಲೆ ಕುಂದರತಿದ್ದ. ಓದಾಕ ಸುರು ಮಾಡಿದ್ರ ಸಾಕು, ಯಾರರೆ ಮುದುಕಿ "ಹಂಗಲ್ಲೋ ತಮ್ಮಾ, ನಮ್ಮ ತವರ ಮನ್ಯಾಗ ಬ್ಯಾರೆ ನಮೂನಿ ಅಂತಾರ" ಅಂತ ತಡೀತಿದ್ದಳು. ಇವನಿಗೆ ಬೇಕಾದದ್ದೂ ಅದೇ. ಪುಸ್ತಕ ಮುಚ್ಚಿಟ್ಟು ವಹಿ ತಗೀತಿದ್ದ. ಹಿಂಗ ತುಂಬಿದ ವಹಿ ಏಳು.

ಅದರಾಗ ಎರಡು ವಹಿ ತುಂಬ ಮೊಹರಮ್ ಪದಗಳು. ಅಲೈ ಹಬ್ಬ ನಮ್ಮ ನಾಲ್ಕೂ ತಾಲೂಕಿನ್ಯಾಗ ಹೆಂಗ ನಡೀತದ ಅನ್ನೋದು ನಿಮಗ ಹೇಳೂದೇನೈತಿ, ಮುಸಲ್ಮಾನರ ಒಂದೂ ಮನಿ ಇಲ್ಲದ ಊರಾಗೂ ಡೋಲಿ ಏಳತಾವ, ಗೌಡರ ಮನ್ಯಾಗೂ ಚೊಂಗೆ ಮಾಡತಾರ. ಮೂರು ವರ್ಷದ ಹಿಂದ ನಮ್ಮೂರ ಕೆಲವು ಹುಡುಗರು, ಮೊಬೈಲಿನ್ಯಾಗ ಏನೇನೋ ನೋಡಿ, ನಾವ್ಯಾಕ ಅಲೈ ಕುಣಿ ತೋಡಬೇಕು, ನಾವ್ಯಾಕ ಹೆಜ್ಜಿ ಹಾಕಬೇಕು ಅಂತ ನಿಂತರು. ಹಿರ್ಯಾರು ಸಿಟ್ಟಿಗೆದ್ದರು. ಎರಡೂ ಕಡಿ ಮಾತು ಬಿಗೀತು. ಮಾಸ್ತರ ಏನೂ ವಾದ ಮಾಡಲಿಲ್ಲ. ಸಂಜಿ ಮುಂದ ಆ ಹುಡುಗರೊಳಗ ಮುಂದ ನಿಂತಿದ್ದಾನಲ್ಲ, ಅವನ ಮನಿಗೇ ವಹಿ ಒಯ್ದ. "ಈ ಕರ್ಬಲಾ ಪದ ಯಾರು ಹಾಡಿ ಬರಿಸ್ಯಾರ ನೋಡಪಾ" ಅಂತ ಹಾಳಿ ತಗದು ತೋರಿಸಿದ. ಕೆಳಗ ಬರದಿದ್ದ ಹೆಸರು ಆ ಹುಡುಗನ ಮುತ್ತ್ಯಾನದು. ಮುತ್ತ್ಯಾ ಸತ್ತಾಗ ಈ ಹುಡುಗ ಇನ್ನೂ ತೊಟ್ಟಲದಾಗ ಇದ್ದ. ಅವನವ್ವ ಒಳಗಿಂದ ಬಂದು ಎರಡು ಸಾಲು ಗುಣುಗುಟ್ಟಿದಳು, ಧಾಟಿ ಅಕಿಗೆ ನೆನಪಿತ್ತು. ಆ ವರ್ಷ ಹುಡುಗ ಹೆಜ್ಜಿಗೆ ಬಂದ. ಎಲ್ಲಾರೂ ಬಂದ್ರು ಅಂತ ನಾ ಸುಳ್ಳು ಬರಿಯೂದಿಲ್ಲ, ಇಬ್ಬರು ಬರಲಿಲ್ಲ, ಇನ್ನೂ ಬಂದಿಲ್ಲ.

ಎಳ್ಳಮಾಸಿಗೆ ವರ್ಷಾ ನಮ್ಮ ಹೊಲಕ್ಕ ಬರಾಂವ. ಚರಗ ಚೆಲ್ಲೂವಾಗ ನನಗಿಂತ ಅವನ ದನಿ ಜೋರು. ಹೋದ ಎಳ್ಳಮಾಸಿಗೂ ಬಂದಿದ್ದ, ಸಜ್ಜಿ ಕಡಬು ಮನಿಗೆ ಕಟಗೊಂಡು ಹೋದ. ಅದಾಗಿ ಹದಿನೈದು ದಿನಕ್ಕ ಎದಿ ನೋವು ಅಂತ ವಿಜಯಪುರಕ್ಕ ಒಯ್ಯೂವಾಗ ದಾರ್ಯಾಗೇ ತೀರಿಕೊಂಡ. ಮಣ್ಣಿಗೆ ಇಡೀ ಊರು ಬಂದಿತ್ತು. ತಾಂಡಾದ ಹೆಣ್ಣುಮಕ್ಕಳು ದೂರ ಬೇವಿನ ಗಿಡದ ಕೆಳಗ ಕುಂತು ತಮ್ಮ ಮಾತಿನ್ಯಾಗ ಹಾಡ್ಯಾಡಿ ಅತ್ತರು. ಪಂಢರಪುರದ ಕಾರಕೂನ ಮೂರನೇ ದಿನಕ್ಕ ಬಸ್ ಹತ್ತಿ ಬಂದ. ಅವನಿಗೆ ಕನ್ನಡ ಬರೂದಿಲ್ಲ, ಮಾಸ್ತರನ ಮಗನಿಗೆ ಮರಾಠಿ ಬರೂದಿಲ್ಲ. ಇಬ್ಬರೂ ಕಟ್ಟಿ ಮ್ಯಾಲೆ ಬಹಳ ಹೊತ್ತು ಸುಮ್ಮನ ಕುಂತಿದ್ರು.

ಲೈಬ್ರರಿಗೆ ಈಗ ಬ್ಯಾರೆ ಊರಿನವರು ವಾರದಾಗ ಎರಡು ದಿನ ಬಂದು ಹೋಗತಾರ. ಅವರನ್ನ ದೂರೂದಿಲ್ಲ, ಎರಡು ಊರಿನ ಕೆಲಸ ಅವರಿಗೆ. ಉಜನಿ ಫೋನ್ ಮಾತ್ರ ಇನ್ನೂ ಬರತದ, ಮಾಸ್ತರನ ನಂಬರಿಗೇ. ಅವನ ಹೆಂಡ್ತಿ ಎತ್ತಿ, ಅರ್ಧ ತಿಳದು, ನನಗ ಹೇಳಿ ಕಳಸತಾರ. ನಂದು ಸಂತಿ ಮರಾಠಿ, ಆಕಡಾ ತಪ್ಪಿದ್ರ ಮಂದಿ ಮೋಟಾರು ಹೋಗತಾವ ಅಂತ ಅಂಜಿಕಿ. ಈಗ ತಾಂಡಾದ ಒಬ್ಬ ಹುಡುಗಿ, ಪಿಯುಸಿ ಓದಾಕಿ, ಕಬ್ಬಿನ ಗದ್ದಿಯೊಳಗ ಬೆಳದು ಮರಾಠಿ ಚಲೋ ಕಲತಾಳ, ಫೋನ್ ತಗೊಂಡು ಅಂಕಿ ಎರಡು ಸಲ ಕೇಳಿ ಖಾತ್ರಿ ಮಾಡಕೊಂಡು ಹಲಗಿ ಮ್ಯಾಲೆ ಬರ್ಯಾಕತ್ತಾಳ. ಅಕ್ಷರ ಮಾಸ್ತರನಕಿಂತ ಚಂದ.

ಏಳೂ ವಹಿ ನನ್ನ ಹಂತ್ಯಾಕ ಅವ. ಎರಡಕ್ಕ ಹುಳಾ ಹತ್ಯಾವ, ಬೇವಿನ ಎಲಿ ಇಟ್ಟೀನಿ, ಮೊಬೈಲಿನ್ಯಾಗ ಫೋಟೋ ತಗ್ಯಾಕತ್ತೀನಿ. ಮೊಹರಮ್ ವಹಿಯಾಗ ಸಿಂದಗಿ ಕಡಿಯ ಹನ್ನೊಂದು ಪದ, ಮುದ್ದೇಬಿಹಾಳ ಕಡಿಯವು ಆರು, ಬಾಗೇವಾಡಿ ಕಡಿಯವು ನಾಕು ಅರ್ಧಕ್ಕೇ ನಿಂತಾವ. ಹಾಡಿದವರ ಹೆಸರು ಐತಿ, ಮುಂದಿನ ಸಾಲು ಇಲ್ಲ. ನಿಮ್ಮೂರಾಗ ಹೆಜ್ಜಿ ಮ್ಯಾಳದ ಹಿರ್ಯಾರು ಇದ್ರ ಅವರ ಹಂತ್ಯಾಕ ಕುಂತು, ಗಡಿಬಿಡಿ ಮಾಡದ, ಪೂರಾ ಪದ ದನಿ ರೆಕಾರ್ಡ್ ಮಾಡಿ ಕಳಸ್ರಿ. ಹಾಡಿದವರ ಹೆಸರು, ಅವರಿಗೆ ಯಾರಿಂದ ಬಂತು ಅನ್ನೋದನ್ನೂ ಹೇಳಿಸ್ರಿ.

ಇವತ್ತಿನ ಹಲಗಿ ಮ್ಯಾಲೆ ನೀರು ನಿನ್ನೆಕಿಂತ ಹೆಚ್ಚು ಐತಿ. ಭೀಮಾ ದಂಡಿಯವರು ರಾತ್ರಿ ಮಲಗೂದರಾಗ ಒಮ್ಮೆ ಮೋಟಾರು ನೋಡಿ ಬರ್ರಿ.