ಹಳೆಯ ಬಟ್ಟೆಯಲ್ಲಿ ಅರಳುವ ಹೂವು

ನಿಮ್ಮ ಮನೆಯ ಕಪಾಟಿನ ಮೂಲೆಯಲ್ಲೋ ಅಟ್ಟದ ಮೇಲಿನ ಟ್ರಂಕಿನೊಳಗೋ ಹಳೆಯ ಸೀರೆಯೊಂದು ಇರಬಹುದು. ಅದನ್ನು ಉಡುವಂತಿಲ್ಲ, ಎಸೆಯಲು ಮನಸ್ಸೂ ಬಾರದು. ಇಂತಹ ಬಟ್ಟೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ನಮ್ಮ ನಾಡಿನ ಸಿದ್ದಿ ಮಹಿಳೆಯರು ಬಹುಕಾಲದಿಂದ ತಮ್ಮದೇ ಆದ ಉತ್ತರವನ್ನು ನೀಡುತ್ತ ಬಂದಿದ್ದಾರೆ. ಅದೇ ಕೌದಿ, ಅವರ ಮಾತಿನಲ್ಲಿ ಕವಂದಿ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಿನ ಆಸುಪಾಸಿನಲ್ಲಿ ಸಿದ್ದಿಗಳು ನೆಲೆಸಿದ್ದಾರೆ. 16ನೆಯ ಶತಮಾನದಿಂದ ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕಾದ ಜನರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಇವರು ಬಹುಮಟ್ಟಿಗೆ ಆ ಜನರ ಸಂತತಿ. ಇವರಲ್ಲಿ ಹಿಂದೂಗಳೂ ಮುಸ್ಲಿಮರೂ ಕಥೋಲಿಕರೂ ಇದ್ದಾರೆ. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು.

ಕೌದಿ ಹೊಲಿಯುವ ಸಿದ್ದಿ ಮಹಿಳೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಹಳೆಯ ಸೀರೆಯೊಂದನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ಬಟ್ಟೆಯ ತುಂಡುಗಳನ್ನು ಜೋಡಿಸುತ್ತ, ಸರಳವಾದ ಕೈಹೊಲಿಗೆಯಿಂದ ಅಂಚಿನಗುಂಟ ಸಾಗುತ್ತಾಳೆ. ಸುತ್ತು ಸುತ್ತಾಗಿ ಒಳಗೆ ಸರಿಯುತ್ತ ಕೊನೆಗೆ ನಡುವನ್ನು ಮುಟ್ಟುತ್ತಾಳೆ. ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ ಬರಬೇಕೆಂಬುದನ್ನು ಕೈಯಲ್ಲಿರುವ ತುಂಡೇ ಸೂಚಿಸುತ್ತದೆ. ಕಥೋಲಿಕರ ಕೌದಿಗಳಲ್ಲಿ ಕೆಲವೊಮ್ಮೆ ಶಿಲುಬೆ, ಮುಸ್ಲಿಮರ ಕೌದಿಗಳಲ್ಲಿ ಅರ್ಧಚಂದ್ರ ಕಾಣಿಸಿಕೊಳ್ಳುವುದುಂಟು. ಹೊಲಿಯುವ ಕ್ರಮ ಮಾತ್ರ ಎಲ್ಲರದೂ ಒಂದೇ.

ಹೊಲಿಗೆ ಮುಗಿದರೂ ಕೌದಿ ಪೂರ್ಣವಾಗುವುದಿಲ್ಲ. ಬಟ್ಟೆಯನ್ನು ಪದರ ಪದರವಾಗಿ ತ್ರಿಕೋನಾಕಾರದಲ್ಲಿ ಮಡಿಚಿ ಮೂಲೆಗಳಿಗೆ ಹೊಲಿಯಬೇಕು. ಇದಕ್ಕೆ 'ಫುಲ' ಎನ್ನುತ್ತಾರೆ. ಫುಲ ಎಂದರೆ ಹೂವು. ಹೂವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ. ಈ ಮಾತು ನನ್ನನ್ನು ಬಹಳವಾಗಿ ತಟ್ಟಿದೆ. ಚಳಿಯನ್ನು ತಡೆಯಲು ಹೂವು ಬೇಕಿಲ್ಲ. ಆದರೂ ಬಡತನದ ನಡುವೆ, ದಿನದ ದುಡಿಮೆ ಮುಗಿಸಿ ಕುಳಿತ ಹೆಣ್ಣುಮಗಳು ಹೂವಿಡದೆ ಸೂಜಿಯನ್ನು ಕೆಳಗಿಡಲೊಲ್ಲಳು. ಹೊಲದ ಹೂವುಗಳನ್ನು ನೋಡಿರೆಂದು ಯೇಸುಸ್ವಾಮಿ ಹೇಳಿದ್ದನ್ನು ನಾವು ಪ್ರಬೋಧನೆಗಳಲ್ಲಿ ಕೇಳುತ್ತೇವೆ. ಆಕೆ ಅದನ್ನು ಮಗುವಿನ ಹೊದಿಕೆಗೆ ಹೊಲಿಯುತ್ತಾಳೆ.

2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರು ಕೌದಿ ಹೊಲಿಯುವ ಸಹಕಾರಿ ಗುಂಪೊಂದನ್ನು ಕಟ್ಟಿಕೊಂಡರು. ಅವರ ಕೌದಿಗಳು ಹೊರದೇಶಗಳ ಮನೆಗಳನ್ನೂ ತಲುಪಿವೆ. ಆದರೆ ನಾವು? ಕೌದಿಯ ಬೆಲೆ ಕೇಳಿ, "ಹಳೆಯ ಬಟ್ಟೆಗೆ ಇಷ್ಟೊಂದು ಹಣವೇ?" ಎನ್ನುತ್ತೇವೆ. ಬಟ್ಟೆಯ ಹಳತನ ನಮಗೆ ಕಾಣುತ್ತದೆ. ಅದರ ಮೇಲೆ ಬಾಗಿ ಕುಳಿತ ಬೆನ್ನಿನ ನೋವು, ವಾರಗಟ್ಟಲೆ ಸೋತ ಕಣ್ಣು ಕಾಣುವುದಿಲ್ಲ. ಒಂದು ಕಾಲದಲ್ಲಿ ಮನುಷ್ಯರಿಗೇ ಬೆಲೆ ಕಟ್ಟಿ ಮಾರಿದ ಲೋಕವಿದು. ಅವರ ಮೊಮ್ಮಕ್ಕಳ ದುಡಿಮೆಗೆ ನ್ಯಾಯವಾದ ಬೆಲೆ ಕೊಡುವುದು ದಾನವಲ್ಲ, ಋಣ.

ಅಂತ್ಯಕ್ರಿಯೆ ಮುಗಿದ ಕೆಲವು ದಿನಗಳ ಬಳಿಕ ಮನೆಯವರು, "ಫಾದರ್, ಅಮ್ಮನ ಬಟ್ಟೆಗಳನ್ನು ಏನು ಮಾಡೋಣ?" ಎಂದು ನನ್ನನ್ನು ಕೇಳುವುದುಂಟು. ಆಗ ನನಗೆ ಯೊಪ್ಪದ ತಬಿಥಾ ನೆನಪಾಗುತ್ತಾಳೆ. ಆಕೆ ಸತ್ತಾಗ ವಿಧವೆಯರು ಅಳುತ್ತ, ಆಕೆ ಮಾಡಿಕೊಟ್ಟಿದ್ದ ಉಡುಪುಗಳನ್ನು ಸಂತ ಪೇತ್ರರಿಗೆ ತೋರಿಸಿದರು. ಆಕೆಯ ಬದುಕು ಎಂಥದೆಂಬುದಕ್ಕೆ ಆ ಬಟ್ಟೆಗಳೇ ಸಾಕ್ಷಿಯಾದವು.

ಆದುದರಿಂದ, ಚೆನ್ನಾಗಿರುವ ಬಟ್ಟೆಯನ್ನು ಇಲ್ಲದವರಿಗೆ ಗೌರವದಿಂದ ಕೊಡಿ. ಉಡಲು ಬಾರದ ಮೆತ್ತನೆಯ ಸೀರೆಯನ್ನು ಕೌದಿ ಹೊಲಿಯಬಲ್ಲ ಕೈಗಳಿಗೆ ಒಪ್ಪಿಸಿ, ಅವರು ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಸಲ್ಲಿಸಿ. ಮೊಮ್ಮಕ್ಕಳು ಅದನ್ನು ಹೊದ್ದು ಮಲಗುವಾಗ, ಇದು ನಿಮ್ಮ ಅಜ್ಜಿಯ ಸೀರೆಯೆಂದು ಹೇಳಿರಿ. ಅದನ್ನು ಹೊಲಿದವಳ ಹೆಸರನ್ನೂ ಮರೆಯದೆ ಹೇಳಿರಿ.