ಶರತ್ಕಾಲದ ಕಾವೇರಿ

ನವರಾತ್ರಿ ಕಳೆದ ಮೇಲೆ ಲಗ್ಗೆರೆಯಿಂದ ಹೊರಟು ಭೀಮೇಶ್ವರಿಯ ಕಾವೇರೀತೀರವನ್ನು ಸೇರಿದೆನು. ಹಿಂದೆ ಗಾಳ ಹಾಕುತ್ತಿದ್ದ ವೃದ್ಧನೊಬ್ಬನು ಹೊಳೆಯನ್ನು ತೋರಿಸಿ, “ಕೆನ್ನೀರಿನಲ್ಲಿ ಬಿಳಿಮೀನಿಗೆ ವಾಸನೆಯೇ ದಾರಿ, ಸ್ವಾಮಿ, ಆಗ ಬೇಯಿಸಿದ ರಾಗಿಹಿಟ್ಟಿನ ಉಂಡೆ. ಮಳೆ ನಿಂತು ನೀರು ತಿಳಿಯಾದರೆ ಮಿನುಗುವ ತಗಡು” ಎಂದನು. 12ನೆಯ ಶತಮಾನದಲ್ಲಿ ಚಾಲುಕ್ಯರ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದದಲ್ಲಿಯೂ ಆಯಾ ಮೀನಿಗೆ ತಕ್ಕ ಎರೆಯ ವಿಚಾರವುಂಟು. ಅದನ್ನು ಪಾಠ ಹೇಳುವ ಪ್ರಸಂಗ ನನಗೆ ಬರಲೇ ಇಲ್ಲ!

1946ರಲ್ಲಿ ಕಬಿನಿಯಲ್ಲಿ ವಾನ್ ಇಂಗೆನ್ ಎಂಬವರು ಹಿಡಿದ ಬಿಳಿಮೀನು ಸುಮಾರು 120 ಪೌಂಡು ತೂಗಿತಂತೆ. ಆ ಗೂನುಬೆನ್ನಿನ ಕುಲವೇ ಅಳಿವಿನ ಅಂಚಿಗೆ ಬಂದಿರುವುದೆಂದು 2018ರಲ್ಲಿ ಪ್ರಾಣಿಶಾಸ್ತ್ರಜ್ಞರು ಸಾರಿದರು. ಅಭಯಾರಣ್ಯವಾದ ಈ ತೀರದಲ್ಲಿ ಗಾಳದ ವಿನೋದವು ನಿಂತು ವರ್ಷಗಳಾದುವು.

ವೃದ್ಧನು ಬುತ್ತಿಯ ಮುದ್ದೆಯಿಂದ ಒಂದು ತುಣುಕನ್ನು ಮುರಿದು ಮಡುವಿಗೆಸೆದನು. ಬಹಳ ಹೊತ್ತು ಇಬ್ಬರೂ ನೀರನ್ನೇ ನೋಡುತ್ತಿದ್ದೆವು.